ಎಂಟನೇ ಕ್ಲಾಸಿನ ಮೌನ

ರಘೋತ್ತಮನ ಬಾಯಿಗೆ ಬೀಗ ಹಾಕಿಸಿದ್ದು ಅವನ ಬಾಯಿಯೇ.

ಹೊಸೂರಿನ ಮೂಕಂಡಪಲ್ಲಿಯ ಕಾನ್ವೆಂಟ್ ಶಾಲೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳ ತಂದೆತಾಯಿಯರ ಮೀಟಿಂಗು ನಡೆದಿತ್ತು. ಆ ಶಾಲೆ ಎಂಟಕ್ಕೇ ಮುಗಿಯುತ್ತದೆ. ಒಂಬತ್ತಕ್ಕೆ ಮಕ್ಕಳು ಬೇರೆ ಕಡೆ ಸೇರಬೇಕು. ಹೋಗುವ ಮುಂಚೆ ಈ ಕೊನೆಯ ವರ್ಷದಲ್ಲಿ ಏನೇನು ಕಲಿಸಿ ಕಳಿಸುತ್ತೇವೆ ಎಂದು ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಆರೋಕ್ಯಮೇರಿ ಒಂದೊಂದಾಗಿ ಹೇಳುತ್ತಿದ್ದರು. ಬೀಜಗಣಿತ, ಬೆಳಕು ಮತ್ತು ಶಬ್ದ, ಗಿಡದ ಜೀವಕೋಶ, ಕಂಪನಿ ಸರ್ಕಾರದ ಆಳ್ವಿಕೆ, ತಮಿಳು ವ್ಯಾಕರಣ, ಇಂಗ್ಲಿಷ್ ಪ್ರಬಂಧ. ಮಗಳು ಚಿನ್ಮಯಿಯ ಪಕ್ಕದಲ್ಲಿ, ಮಕ್ಕಳ ಬೆಂಚಿನೊಳಗೆ ಮೊಣಕಾಲು ತುರುಕಿಕೊಂಡು ಕೂತಿದ್ದ ರಘೋತ್ತಮನಿಗೆ ಅಷ್ಟು ಹೊತ್ತು ಸುಮ್ಮನಿದ್ದದ್ದೇ ಹೆಚ್ಚಾಯಿತು.

“ಇದೆಲ್ಲಾ ನಮ್ಮ ಕಾಲದಲ್ಲಿ ಐದನೇ ಕ್ಲಾಸಿಗೇ ಮುಗಿಸಿಬಿಡ್ತಿದ್ರು ಸಿಸ್ಟರ್,” ಎಂದು ಎದ್ದು ನಿಂತ.

ನಿಂತವನು ಕೂರಲಿಲ್ಲ. ತನ್ನ ಮೇಷ್ಟ್ರು, ಮೇಷ್ಟ್ರ ಬೆತ್ತ, ಹೊಸೂರಿಗೆ ಇನ್ನೂ ಫ್ಯಾಕ್ಟರಿಗಳ ಹೊಗೆ ತಾಕದ ದಿನಗಳು, ಕೆರೆ ಏರಿಯ ಮೇಲೆ ಕೂತು ಬಾಯಿಪಾಠ ಮಾಡಿದ ಮಗ್ಗಿ, ಎಲ್ಲವೂ ಬಂದವು. ಎಲ್ಲಿಂದ ಶುರು ಮಾಡಿದೆ ಎಂಬುದು ತನಗೇ ಮರೆತುಹೋದ ಮೇಲೂ ಅವನು ಸ್ವಲ್ಪ ಹೊತ್ತು ಮಾತಾಡಿದ. ಚಿನ್ಮಯಿ ಅಪ್ಪನ ಅಂಗಿಯ ತುದಿ ಹಿಡಿದು ಎಳೆದಳು. ಅವನು ಅಂಗಿ ಸರಿಮಾಡಿಕೊಂಡು ಮುಂದುವರಿಸಿದ.

ಸಿಸ್ಟರ್ ಕೈ ಕಟ್ಟಿಕೊಂಡು ಕೊನೆಯವರೆಗೂ ಕೇಳಿದರು. “ಉಕ್ಕಾರುಂಗ ಸಾರ್,” ಎಂದು ಕೂರಿಸಿದರು. “ಒಂದು ಪಾಠ ಇನ್ನೂ ಬಾಕಿ ಇದೆ. ಅದು ಮಾತ್ರ ನಿಮ್ಮ ಕಾಲದಲ್ಲಿ ಇರಲಿಲ್ಲ ಅಂತ ಕಾಣುತ್ತೆ.”

ಆ ಶಾಲೆಯಲ್ಲಿ ಕ್ರೈಸ್ತ ಮಕ್ಕಳು ಬೈಬಲ್ ಕ್ಲಾಸಿಗೆ ಹೋದಾಗ ಉಳಿದವರಿಗೆ ನೀತಿಪಾಠ ನಡೆಯುತ್ತದೆ. ಆದರೆ ವರ್ಷಕ್ಕೊಂದು ಪಾಠ ಎಲ್ಲರಿಗೂ ಒಂದೇ, ಅದಕ್ಕೆ ಪುಸ್ತಕವಿಲ್ಲ. ಆರನೇ ಕ್ಲಾಸಿನಲ್ಲಿ ಹಂಚಿಕೊಂಡು ತಿನ್ನುವುದು. ಏಳರಲ್ಲಿ ನಿಜ ಹೇಳುವುದು. ಎಂಟರಲ್ಲಿ ಸುಮ್ಮನಿರುವುದು. ಬರುವ ಶುಕ್ರವಾರ ಬೆಳಗ್ಗೆ ಎದ್ದಾಗಿನಿಂದ ಸಂಜೆ ಶಾಲೆಯಲ್ಲಿ ಸಿಸ್ಟರ್ ಗಂಟೆ ಹೊಡೆಯುವವರೆಗೂ ಮಗುವೂ, ತಂದೆತಾಯಿಯರಲ್ಲಿ ಒಬ್ಬರೂ ಮಾತಾಡಬಾರದು. ಬರೆದು ತೋರಿಸಬಾರದು, ಫೋನಿನಲ್ಲಿ ಮೆಸೇಜ್ ಕಳಿಸಬಾರದು, ಮುಂಚೆಯೇ ಊರಿಗೆಲ್ಲ ಡಂಗುರ ಹೊಡೆಯಲೂಬಾರದು. ಮಗು ಮತ್ತು ದೊಡ್ಡವರು ಇಬ್ಬರೂ ಗೆದ್ದ ಮನೆಯ ಮಗು, ವರ್ಷದ ಕೊನೆಯ ಬೀಳ್ಕೊಡುಗೆಯ ದಿನ ಹಿತ್ತಾಳೆ ದೀಪ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುತ್ತದೆ. ಐದನೇ ಕ್ಲಾಸಿನಲ್ಲಿ ಆ ದೀಪದ ಹಿಂದೆ ಹೂವಿನ ತಟ್ಟೆ ಹಿಡಿದು ನಡೆದಿದ್ದ ಚಿನ್ಮಯಿ ಅಂದಿನಿಂದಲೂ ಅದರ ಮೇಲೆ ಕಣ್ಣಿಟ್ಟಿದ್ದಳು.

“ದೊಡ್ಡೋರು ಮಧ್ಯೆ ಮಾತಾಡಿಬಿಟ್ರೆ ನಿಮಗೆ ಹೆಂಗೆ ಗೊತ್ತಾಗುತ್ತೆ ಸಿಸ್ಟರ್?” ಎಂದು ಒಬ್ಬ ತಾಯಿ ಕೇಳಿದರು.

“ನೀವೇ ಹೇಳ್ತೀರಿ,” ಎಂದರು ಸಿಸ್ಟರ್. “ನಿಜ ಹೇಳೋದು ಏಳನೇ ಕ್ಲಾಸಿನ ಪಾಠ. ಅದು ಹೋದ ವರ್ಷವೇ ಮುಗಿದಿದೆ.”

ಅವತ್ತು ಸಂಜೆ ರಘೋತ್ತಮ ಹಾಲಿನಲ್ಲಿ ಕೂತು ಪೇಪರ್ ಓದುತ್ತಿದ್ದ. ಅಡಿಗೆಮನೆಯಲ್ಲಿ ಚಿನ್ಮಯಿ ತಾಯಿ ರಮಾದೇವಿಯನ್ನು ಕೇಳುತ್ತಿದ್ದಳು. “ಅಮ್ಮಾ, ನೀನೇ ಇರಮ್ಮಾ.”

ರಮಾದೇವಿ ಡೆಂಕಣಿಕೋಟೆ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಒಂದನೇ ಕ್ಲಾಸಿನ ಟೀಚರು. “ಶುಕ್ರವಾರ ನಮ್ಮ ಸ್ಕೂಲಿಗೆ ಇನ್ಸ್‌ಪೆಕ್ಷನ್ ಇದೆ ಚಿನ್ನೂ. ನಾನು ಬಾಯಿ ಮುಚ್ಚಿದ್ರೆ ಒಂದನೇ ಕ್ಲಾಸು ಹೆಂಚಿನ ಮೇಲೆ ಹತ್ತಿ ಕೂರುತ್ತೆ. ಅಪ್ಪನ್ನ ಕೇಳು.”

“ಹಂಗಾದ್ರೆ ದೀಪ ಹೋಯ್ತು ಬಿಡು,” ಎಂದಳು ಚಿನ್ಮಯಿ.

ಮಗಳು ಜರೆದು ಹೇಳಿದ್ದರೆ ರಘೋತ್ತಮ ಜಗಳವಾಡುತ್ತಿದ್ದ. ಅವಳು ಲೆಕ್ಕದ ಉತ್ತರ ಹೇಳುವ ಹಾಗೆ ಹೇಳಿದ್ದಳು. ಆಫೀಸಿನಲ್ಲಿ ತನ್ನನ್ನು ಕಂಡರೆ ಜನ ಫೈಲು ಎತ್ತಿಕೊಂಡು ಓಡಾಡಲು ಶುರು ಮಾಡುವುದು, ಮದುವೆಮನೆಯಲ್ಲಿ ತನ್ನ ಪಕ್ಕದ ಎಲೆ ಕೊನೆಗೆ ತುಂಬುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮನೆಯ ಮಗುವೂ ಆ ಪಟ್ಟಿಗೆ ಸೇರಿದೆ ಎಂದು ಗೊತ್ತಿರಲಿಲ್ಲ. ಪೇಪರ್ ಮಡಚಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ.

“ನಾನಿರ್ತೀನಿ.”

ಚಿನ್ಮಯಿ ಅಮ್ಮನ ಮುಖ ನೋಡಿದಳು. ಆಮೇಲೆ ದಾರಿ ತೋರಿಸುವವಳಂತೆ ಹೇಳಿದಳು. “ಹಂಗಾದ್ರೆ ಅವತ್ತು ರಜಾ ಹಾಕಿ ಮಲಗಿಬಿಡಪ್ಪ. ನಮ್ಮ ಕ್ಲಾಸಿನ ಶರ್ಮಿಳಾ ಅವರಪ್ಪ ಅಂಬರೀಶ್ ಅಂಕಲ್ ಹಂಗೇ ಮಾಡ್ತಾರಂತೆ. ಫ್ಯಾಕ್ಟರಿ ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದ್ರೆ ಸಾಯಂಕಾಲಾನೇ ಏಳೋದಂತೆ.”

“ಮಲಗಿ ಸುಮ್ನಿರೋದು ಏನು ದೊಡ್ಡಸ್ತಿಕೆ? ನಮ್ಮನೆ ಬೀರೂನೂ ಸುಮ್ನಿರುತ್ತೆ. ನಾನು ಆಫೀಸಿಗೆ ಹೋಗಿ, ಜನರ ಮಧ್ಯೆ ಕೂತು ಸುಮ್ನಿರ್ತೀನಿ. ನೋಡ್ತಿರು,” ಎಂದ ರಘೋತ್ತಮ. ಮೌನದ ಮಹತ್ವದ ಬಗ್ಗೆ ಅವನು ಮಾತು ಮುಗಿಸುವ ಹೊತ್ತಿಗೆ ಸಾರು ಎರಡನೇ ಸಲ ಬಿಸಿ ಮಾಡುವಂತಾಗಿತ್ತು.

ಶುಕ್ರವಾರ ಬೆಳಗಾಯಿತು. ಇನ್ಸ್‌ಪೆಕ್ಷನ್ ಗಡಿಬಿಡಿಯಲ್ಲಿ ರಮಾದೇವಿ ಕಾಫಿಗೆ ಸಕ್ಕರೆ ಹಾಕುವುದನ್ನೇ ಮರೆತಿದ್ದಳು. ರಘೋತ್ತಮ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಉಳಿದದ್ದನ್ನೂ ಕುಡಿದ. “ಇಷ್ಟು ವರ್ಷದಲ್ಲಿ ಮೊದಲನೇ ಸಲ ನನ್ನ ಕಾಫಿ ಬಗ್ಗೆ ದೂರು ಬಂದಿಲ್ಲ,” ಎಂದು ಖುಷಿಯಾಗಿ ರಮಾದೇವಿ ಮೊದಲ ಬಸ್ಸಿಗೆ ಹೊರಟಳು. ಚಿನ್ಮಯಿ ಶಾಲೆಯ ವ್ಯಾನ್ ಹತ್ತುವ ಮುಂಚೆ ಅಪ್ಪನ ಕಡೆ ತಿರುಗಿ, ಎರಡೂ ಕೈ ಜೋಡಿಸಿ ದೇವರಿಗೆ ಮಾಡುವ ಹಾಗೆ ನಮಸ್ಕಾರ ಮಾಡಿದಳು. ಅವನು ಎದೆ ಮುಟ್ಟಿಕೊಂಡು ಭರವಸೆ ಕೊಟ್ಟ.

ವ್ಯಾನ್ ತಿರುವು ದಾಟಿತ್ತಷ್ಟೆ, ಪಕ್ಕದ ಮನೆಯ ಮುತ್ತರಾಯಪ್ಪ ಬಂದ. ನಾಟ್ರಾಂಪಾಳ್ಯದ ರೈತ, ಹೊಲವನ್ನು ತಮ್ಮನಿಗೆ ಒಪ್ಪಿಸಿ, ಹೆಂಡತಿ ಗೋವಿಂದಮ್ಮನ ಜೊತೆ ಮಗನ ಮನೆಗೆ ಬಂದು ಕೂತಿದ್ದ. ದಿನಾ ಬೆಳಗ್ಗೆ ರಘೋತ್ತಮ ಪೇಪರ್ ಓದಿ ಹೇಳಬೇಕು, ಅವನು ಕೇಳಬೇಕು. ಹೊಸೂರಿನಲ್ಲಿ ರಘೋತ್ತಮನ ಮಾತನ್ನು ತಾನಾಗಿ ಬಂದು ಕೇಳುತ್ತಿದ್ದ ಜೀವ ಅದೊಂದೇ.

“ಏನ್ ಸಾಮಿ, ಇವತ್ತು ಪೇಪರ್ನಾಗೆ ಏನೈತೆ?”

ರಘೋತ್ತಮ ಮುಗುಳ್ನಕ್ಕ.

“ನಗಾದು ಆಮ್ಯಾಕೆ. ಏನೈತೆ ಹೇಳಿ.”

ರಘೋತ್ತಮ ಪೇಪರನ್ನೇ ಅವನ ಕೈಗಿಟ್ಟು ಮತ್ತೆ ನಕ್ಕ. ಮುತ್ತರಾಯಪ್ಪ ಒಂದು ಹೆಜ್ಜೆ ಹಿಂದೆ ಸರಿದು ಅವನ ಮುಖವನ್ನು ಸಂತೆಯಲ್ಲಿ ಎತ್ತು ನೋಡುವ ಹಾಗೆ ನೋಡಿದ. ಆಮೇಲೆ ಕಾಂಪೌಂಡಿನ ಆಚೆಗೆ ಕೂಗಿದ. “ಅಮ್ಮೀ, ಬಾ ಇಲ್ಲಿ ಬಿರ್ನೆ. ಸಾಮೇರ್ಗೆ ಬಾಯಿ ಬಿದ್ದೋಗೈತೆ.”

ಗೋವಿಂದಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದಳು. “ರಾತ್ರಿ ಗಂಟ ಮಾತು ಕೇಳಿಸ್ತಿತ್ತಲ್ಲ. ಒಂದೇ ಸಮ ಓಡ್ಸಿದ್ರೆ ಬೋರ್‌ವೆಲ್ ಮೋಟ್ರೂ ಸುಟ್ಟೋಗ್ತದೆ, ಮನುಷ್ಯ ಯಾವ ಲೆಕ್ಕ.”

“ಕತ್ತಿನ ನರ ತಿರುಚ್ಕಂಡೈತೆ ಅಷ್ಟೆಯ. ಎಳುದ್ರೆ ಸರಿಹೋಯ್ತದೆ. ನಮ್ಮೂರ್ನಾಗೆ ದನಕ್ಕೂ ಜನಕ್ಕೂ ನಾನೇ ಎಳೀತಿದ್ದಿದ್ದು.”

ರಘೋತ್ತಮ ಬೇಡ ಬೇಡ ಎಂದು ತಲೆಯನ್ನು ಜೋರಾಗಿ ಅಲ್ಲಾಡಿಸಿದ.

“ನೋಡ್ದಾ, ತಲೆ ಹೆಂಗ್ ಅದುರ್ತಾ ಐತೆ,” ಎಂದ ಮುತ್ತರಾಯಪ್ಪ. ರಘೋತ್ತಮ ಕೈ ಮುಗಿದ. “ಅಯ್ಯೋ, ಇದ್ಕೆಲ್ಲ ಕೈ ಮುಗೀಬ್ಯಾಡಿ ಸಾಮಿ. ಅಕ್ಕಪಕ್ಕ ಇರೋರು ಇಷ್ಟೂ ಮಾಡ್ದಿದ್ರೆ ಹೆಂಗೆ.”

ಒಂದೇ ಒಂದು ಮಾತು ಸಾಕಿತ್ತು. ‘ಬಿಡ್ರಪ್ಪ’ ಎಂದಿದ್ದರೆ ಆ ಗಟ್ಟಿ ಕೈಗಳು ಅಲ್ಲಿಗೇ ನಿಲ್ಲುತ್ತಿದ್ದವು. ರಘೋತ್ತಮ ಆ ಮಾತನ್ನು ನುಂಗಿದ, ಅಷ್ಟರಲ್ಲಿ ಗೋವಿಂದಮ್ಮ ಅವನ ಭುಜ ಒತ್ತಿ ಹಿಡಿದಳು, ಮುತ್ತರಾಯಪ್ಪ ಗದ್ದಕ್ಕೆ ಒಂದು ಕೈ, ನೆತ್ತಿಗೆ ಒಂದು ಕೈ ಕೊಟ್ಟು ತಿರುಗಿಸಿದ. ಲಟಕ್ ಎಂಬ ಸದ್ದು ಬೀದಿಯ ನಾಯಿಗೂ ಕೇಳಿಸಿತು. ರಘೋತ್ತಮನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಚೀರುವುದು ಮಾತಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಸಿಸ್ಟರನ್ನು ಕೇಳಿಕೊಂಡಿರಲಿಲ್ಲವಾದ್ದರಿಂದ ಅವನು ಚೀರಲಿಲ್ಲ.

“ಇಷ್ಟ್ ಎಳುದ್ರೂ ಅಮ್ಮಾ ಅನ್ನಲ್ಲ ಅಂದ್ರೆ ಬಲವಾಗೇ ಬಿದ್ದೋಗೈತೆ ಕಣಮ್ಮಿ,” ಎಂದು ಮುತ್ತರಾಯಪ್ಪ ಸಂಕಟಪಟ್ಟ. ಗೋವಿಂದಮ್ಮ ಹರಳೆಣ್ಣೆ ಬಿಸಿ ಮಾಡಿ ತಂದು ಕತ್ತಿಗೆ ಬಳಿದು, ಒಂದು ಟವಲ್ ಬಿಗಿದು ಕಳಿಸಿದಳು.

ಬಸ್ ಸ್ಟಾಪಿಗೆ ನಡೆಯುವಾಗ ರಘೋತ್ತಮನಿಗೆ ತನ್ನ ಕತ್ತಿನ ಹೊಸ ಸ್ಥಿತಿ ಅರ್ಥವಾಯಿತು. ಅದು ಎಡಕ್ಕೂ ತಿರುಗುತ್ತಿರಲಿಲ್ಲ, ಬಲಕ್ಕೂ ತಿರುಗುತ್ತಿರಲಿಲ್ಲ. ತಿರುಗಿಸಲು ಹೋದರೆ ತಲೆ ಮೆಲ್ಲಗೆ ಈ ಭುಜದ ಕಡೆಗೊಮ್ಮೆ ಆ ಭುಜದ ಕಡೆಗೊಮ್ಮೆ ವಾಲುತ್ತಿತ್ತು. ನಮ್ಮ ಕಡೆ ತಲೆ ಹಾಗೆ ವಾಲಿದರೆ ‘ಆಗಲಿ, ಸಂತೋಷ’ ಎಂದೇ ಅರ್ಥ. ಬೆಳಗಿನ ಆ ಹೊತ್ತಿನಿಂದ ರಘೋತ್ತಮನ ಹತ್ತಿರ ‘ಇಲ್ಲ’ ಎಂಬ ಸನ್ನೆಯೂ ಉಳಿದಿರಲಿಲ್ಲ.

ಟೌನ್ ಬಸ್ಸಿನಲ್ಲಿ ಹೊಸ ಕಂಡಕ್ಟರ್ “ಎಂಗ ಸಾರ್?” ಎಂದು ಕೇಳಿದ. ರಘೋತ್ತಮ ಬೆರಳು ಮುಂದಕ್ಕೆ ಚಾಚಿದ. “ಬಸ್ ಸ್ಟಾಂಡಾ?” ತಲೆ ವಾಲಿತು. ಕಂಡಕ್ಟರ್ ಟವಲನ್ನೂ ಮುಖವನ್ನೂ ನೋಡಿ, “ಪಾವಂ, ಪೇಸ ವರಾದು ಪೋಲಿರುಕ್ಕು,” ಎಂದು ಮರುಗಿ, ಅಂಗವಿಕಲರಿಗೆಂದು ಬರೆದಿದ್ದ ಸೀಟಿನಲ್ಲಿ ಕೂತಿದ್ದ ಹುಡುಗನನ್ನು ಎಬ್ಬಿಸಿದ. ಮಾತು ಬಾರದವನು ಎಂದು ಇಡೀ ಬಸ್ಸು ದಾರಿ ಬಿಟ್ಟಿತು. ರಘೋತ್ತಮ ಬೇಡವೆಂದು ತಲೆ ಅಲ್ಲಾಡಿಸಿದ. ತಲೆ ಕೃತಜ್ಞತೆಯಿಂದ ವಾಲಿತು. ಹರಳೆಣ್ಣೆಯ ವಾಸನೆ ಹರಡುತ್ತಾ, ಇಷ್ಟು ವರ್ಷ ಈ ಬಸ್ಸಿನಲ್ಲಿ ತನ್ನ ಬಾಯಿಗೆ ಸಿಗದ ಮರ್ಯಾದೆ ಅದು ಇಲ್ಲವಾದಾಗ ಸಿಕ್ಕಿತಲ್ಲ ಎಂದುಕೊಂಡು ಕೂತ.

ಮುಂದಿನ ಸ್ಟಾಪಿನಲ್ಲಿ ಸಹೋದ್ಯೋಗಿ ಚಂದ್ರಲೇಖಾ ಹತ್ತಿದಳು. ಅವನನ್ನು ಆ ಸೀಟಿನಲ್ಲಿ, ಆ ಟವಲಿನಲ್ಲಿ ನೋಡಿ ನಿಂತಲ್ಲೇ ನಿಂತಳು. “ಸಾರ್, ಏನಾಯ್ತು ಸಾರ್?” ಎಂದು ಕಿವುಡರ ಹತ್ತಿರ ಮಾತಾಡುವ ಹಾಗೆ ಕೂಗಿ ಕೇಳಿದಳು. ಕಂಡಕ್ಟರ್ ಕನಿಕರದಿಂದ ತನ್ನ ಬಾಯಿ ಮುಟ್ಟಿ ಕೈ ಅಲ್ಲಾಡಿಸಿ ತೋರಿಸಿದ. ಇಳಿಯುವ ಮುಂಚೆಯೇ ಚಂದ್ರಲೇಖಾ ಮೂರು ಭಾಷೆಯಲ್ಲಿ ಆಫೀಸಿಗೆ ಫೋನ್ ಮಾಡಿ ಮುಗಿಸಿದ್ದಳು.

ರಘೋತ್ತಮ ಕೆಲಸ ಮಾಡುವುದು ಒಂದು ಸಹಕಾರ ಸಂಘದ ಕಚೇರಿಯಲ್ಲಿ. ಅದಕ್ಕೆ ಅಂಚೆಟ್ಟಿಯಲ್ಲಿ ಒಂದು ಶಾಖೆ. ಬೆಟ್ಟ, ಕಾಡು, ಯಾವಾಗಲೋ ಬರುವ ಬಸ್ಸು, ಬಸ್ಸು ತಪ್ಪಿದರೆ ನಡಿಗೆ. ಅಲ್ಲಿದ್ದವರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಯಾರೂ ಸಿಕ್ಕಿರಲಿಲ್ಲ. ಮ್ಯಾನೇಜರ್ ಹರಿಕೃಷ್ಣ ಮಾತೆತ್ತಿದಾಗಲೆಲ್ಲ ಒಬ್ಬೊಬ್ಬರು ಒಂದೊಂದು ನೆಪ ಹೇಳುತ್ತಿದ್ದರು. ರಘೋತ್ತಮನಿಗೆ ನೆಪವೇ ಬೇಕಿರಲಿಲ್ಲ. ಅವನು ಮಾತು ಶುರು ಮಾಡಿದರೆ ಸಾಕು, ಹರಿಕೃಷ್ಣ ಹಣೆ ಒತ್ತಿಕೊಂಡು “ಆಯ್ತು, ನೀವು ಹೋಗಬೇಡಿ, ದಯವಿಟ್ಟು ಸೀಟಿಗೆ ಹೋಗಿ,” ಎನ್ನುತ್ತಿದ್ದರು.

ಆ ಶುಕ್ರವಾರವೇ ಹರಿಕೃಷ್ಣ ಎಲ್ಲರನ್ನೂ ಛೇಂಬರಿಗೆ ಕರೆದರು. “ಕೃಷ್ಣಗಿರಿ ಹೆಡ್ ಆಫೀಸಿನಿಂದ ಒತ್ತಡ ಬಂದಿದೆ. ಸೋಮವಾರದಿಂದ ಒಬ್ರು ಅಂಚೆಟ್ಟಿಗೆ ಹೋಗ್ಲೇಬೇಕು.”

ಚಂದ್ರಲೇಖಾಳ ಅತ್ತೆಗೆ ಕಾಲುನೋವು. ಇನ್ನೊಬ್ಬನ ಮನೆ ಅರ್ಧ ಕಟ್ಟಿ ನಿಂತಿತ್ತು. ಮತ್ತೊಬ್ಬನಿಗೆ ಬೆಟ್ಟದ ತಿರುವಿನಲ್ಲಿ ವಾಂತಿಯಾಗುತ್ತಿತ್ತು. ಎಲ್ಲರ ನೆಪ ಮುಗಿದು ರಘೋತ್ತಮನ ಸರದಿ ಬಂದಾಗ, ಅವನ ಜೀವಮಾನದಲ್ಲಿ ಮೊದಲ ಸಲ, ಛೇಂಬರಿನಲ್ಲಿ ಅವನ ಕಡೆಯಿಂದ ಏನೂ ಕೇಳಿಸಲಿಲ್ಲ.

ಹರಿಕೃಷ್ಣರ ಮುಖ ಮೃದುವಾಯಿತು. “ರಘೋತ್ತಮ ಅವ್ರೇ, ಚಂದ್ರಲೇಖಾ ಎಲ್ಲಾ ಹೇಳಿದ್ರು. ಈ ಸ್ಥಿತೀಲಿ ನಿಮ್ಗೆ ಇಲ್ಲಿ ಕೌಂಟರಲ್ಲಿ ಕೂರೋದು ಕಷ್ಟ. ಅಂಚೆಟ್ಟೀಲಿ ಕಾಡಿನ ಗಾಳಿ. ಬಸ್ ಬಂದಾಗ ನಾಕು ಜನ, ಅವರೂ ಮಾತಾಡೋರಲ್ಲ. ಗಂಟಲಿಗೂ ರೆಸ್ಟು. ನಾನು ಬಲವಂತ ಮಾಡಲ್ಲ. ಬೇಡ ಅಂದ್ರೆ ಬೇಡ ಅಂತ ಹೇಳಿ.”

ರಘೋತ್ತಮ ಬೇಡ ಎಂದು ತಲೆ ಅಲ್ಲಾಡಿಸಿದ. ತಲೆ ಎಡಭುಜಕ್ಕೆ ವಾಲಿತು, ಬಲಭುಜಕ್ಕೆ ವಾಲಿತು. ಹರಿಕೃಷ್ಣ ನಂಬಲಾರದೆ ಕನ್ನಡಕ ತೆಗೆದರು. ರಘೋತ್ತಮ ಗಾಬರಿಯಿಂದ ಎದ್ದು ಎರಡೂ ಅಂಗೈಗಳನ್ನು ಎದುರಿಗೆ ಬೀಸಿದ.

“ಥ್ಯಾಂಕ್ಸ್ ಎಲ್ಲಾ ಬೇಡ ಅಂತಿದ್ದಾರೆ ಸಾರ್,” ಎಂದು ಚಂದ್ರಲೇಖಾ ವಿವರಿಸಿ ಕಣ್ಣು ಒರೆಸಿಕೊಂಡಳು.

‘ಬೇಡ.’ ಆ ಪುಟ್ಟ ಮಾತು ರಘೋತ್ತಮನ ಹಲ್ಲಿನ ಹಿಂದೆ ಬಂದು ನಿಂತಿತ್ತು. ತುಟಿ ತೆರೆದರೆ ಹೊರಗೆ ಬರುತ್ತಿತ್ತು, ಅಂಚೆಟ್ಟಿ ತಪ್ಪುತ್ತಿತ್ತು, ಸಂಜೆ ಸಿಸ್ಟರ್ ಎದುರು ನಿಂತು ‘ಮಾತಾಡಿದೆ’ ಎಂದರೆ ಮುಗಿಯುತ್ತಿತ್ತು. ಆಗ ಚಿನ್ಮಯಿ ಏನೂ ಅನ್ನುತ್ತಿರಲಿಲ್ಲ. ಅದೇ ಅವನಿಗೆ ತಡೆಯಲಾಗದ್ದು. ಅವಳು ‘ನನಗೆ ಗೊತ್ತಿತ್ತು’ ಎಂಬ ಮುಖ ಕೂಡ ಮಾಡುತ್ತಿರಲಿಲ್ಲ, ಸುಮ್ಮನೆ ಬ್ಯಾಗ್ ಎತ್ತಿಕೊಂಡು ಮನೆಗೆ ಬರುತ್ತಿದ್ದಳು. ರಘೋತ್ತಮ ತುಟಿ ಕಚ್ಚಿಕೊಂಡು ಕುರ್ಚಿಯಲ್ಲಿ ಕೂತ. ಅವನು ಜೀವನದಲ್ಲಿ ಮಾಡಿದ ದೊಡ್ಡ ಕೆಲಸ ಅದೊಂದೇ, ಅದನ್ನು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ.

ಸಹೋದ್ಯೋಗಿಗಳು ಚಪ್ಪಾಳೆ ತಟ್ಟಿದರು. ಅವನು ಮನಸ್ಸು ಬದಲಾಯಿಸುವ ಮುಂಚೆ ಎಂದು ಹರಿಕೃಷ್ಣ ಅಲ್ಲಿಯೇ ಕೃಷ್ಣಗಿರಿಗೆ ಮೇಲ್ ಕಳಿಸಿದರು.

ಸಂಜೆ ಶಾಲೆಯ ಹಾಲಿನಲ್ಲಿ ಎಂಟನೇ ಕ್ಲಾಸಿನವರೆಲ್ಲ ಸೇರಿದ್ದರು. ಮಕ್ಕಳು ಮುಂದಿನ ಸಾಲಿನಲ್ಲಿ ನೆಲದ ಮೇಲೆ, ದೊಡ್ಡವರು ಹಿಂದೆ ಕುರ್ಚಿಗಳಲ್ಲಿ. ಗೋಡೆಯ ಪಕ್ಕದ ಕುರ್ಚಿಯಲ್ಲಿ ಅಂಬರೀಶ್ ಫ್ಯಾಕ್ಟರಿ ಯೂನಿಫಾರಂನಲ್ಲೇ ತಲೆ ಹಿಂದಕ್ಕೆ ಒರಗಿಸಿ ನಿದ್ದೆ ಮಾಡುತ್ತಿದ್ದ. ಹೆಂಡತಿ ಅವನನ್ನು ಆಟೋದಲ್ಲಿ ಹಾಕಿಕೊಂಡು ಬಂದು ಅಲ್ಲಿ ಕೂರಿಸಿದ್ದಳಂತೆ.

“ದೊಡ್ಡೋರೆಲ್ಲ ಎದ್ದು ನಿಲ್ಲಿ. ಮಾತಾಡಿದವರು ಹೇಳಿ ಕೂತ್ಕೊಳ್ಳಿ,” ಎಂದರು ಸಿಸ್ಟರ್.

ಕುರ್ಚಿಯಿಂದ ಎದ್ದಿದ್ದವರು ಒಬ್ಬೊಬ್ಬರಾಗಿ ನ್ಯಾಯಸ್ಥಾನದಲ್ಲಿ ನಿಂತವರಂತೆ ಒಪ್ಪಿಕೊಂಡರು. ಒಬ್ಬಾಕೆ ಕುಕ್ಕರ್ ಕೂಗಿದಾಗ ‘ಆಫ್ ಮಾಡ್ರೀ’ ಎಂದುಬಿಟ್ಟಿದ್ದಳು. ಒಬ್ಬ ಕ್ರಿಕೆಟ್ ನೋಡುತ್ತಾ ಟೀವಿಯ ಜೊತೆ ಮಾತಾಡಿದ್ದ. ಇನ್ನೊಬ್ಬ ತಾನು ಇವತ್ತು ಮೌನ ಎಂದು ಹಾಲಿನವನಿಗೆ ಬಾಯಿಬಿಟ್ಟು ವಿವರಿಸಿದ್ದ. ನಗು ಎದ್ದು ಅಡಗುತ್ತಿತ್ತು, ಕುರ್ಚಿಗಳು ತುಂಬುತ್ತಿದ್ದವು. ಕೊನೆಗೆ ನಿಂತಿದ್ದವನು ರಘೋತ್ತಮ ಒಬ್ಬನೇ. ಶರ್ಮಿಳಾ ನೆಲದಿಂದ ಎದ್ದು, ಗೋಡೆಯ ಪಕ್ಕ ಮಲಗಿರುವ ತನ್ನಪ್ಪನೂ ಲೆಕ್ಕದಲ್ಲಿದ್ದಾರೆ ಎಂದು ಬೆರಳು ತೋರಿಸಿದಳು. ಸಿಸ್ಟರ್ ಒಪ್ಪಿ ತಲೆಯಾಡಿಸಿದರು.

ಇಡೀ ಹಾಲು ರಘೋತ್ತಮನನ್ನು ತಿರುಗಿ ನೋಡುತ್ತಿತ್ತು. ಮೀಟಿಂಗಿನಲ್ಲಿ ಅವನ ಹಿಂದೆ ಕೂತು ಆಕಳಿಸಿದ್ದವರೂ ನೋಡುತ್ತಿದ್ದರು. ಸಿಸ್ಟರ್ ಆರೋಕ್ಯಮೇರಿ ಸ್ಟಾಂಡಿನಿಂದ ಮೈಕ್ ಬಿಚ್ಚಿಕೊಂಡು, ಸಾಲುಗಳ ನಡುವೆ ನಿಧಾನವಾಗಿ ನಡೆದು ಬಂದು, ಅದನ್ನು ಅವನ ಕೈಗೆ ಕೊಟ್ಟು ಒಂದು ಹೆಜ್ಜೆ ಹಿಂದೆ ನಿಂತರು.

ರಘೋತ್ತಮನ ಕೈಯಿಂದ ಮೈಕ್ ಕಿತ್ತುಕೊಂಡವರು ಹೊಸೂರಿನಲ್ಲಿ ಬಹಳ ಜನ ಇದ್ದರು. ತಾವಾಗಿ ತಂದು ಕೊಟ್ಟವರು ಅವತ್ತಿನವರೆಗೆ ಯಾರೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಚಿನ್ಮಯಿ ಪೂರ್ತಿ ತಿರುಗಿ ಕೂತು, ಕಣ್ಣು ಅಗಲಿಸಿ, ಎರಡೂ ಅಂಗೈಯಿಂದ ಬಾಯಿ ಒತ್ತಿ ಹಿಡಿದುಕೊಂಡಿದ್ದಳು. ಪಾಪ, ಅಪ್ಪನನ್ನು ಹೀಗೆ ನೋಡಿ ಮಗುವಿಗೆ ಅಳು ತಡೆಯಲಾಗುತ್ತಿಲ್ಲ ಎಂದುಕೊಂಡ. ಕತ್ತಿನ ಟವಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

“ಸಿಸ್ಟರ್‌ಗೂ ಸಭೆಗೂ ನಮಸ್ಕಾರ. ಮೌನ ಅನ್ನೋದು ನಂಗೆ ಅಂಥ ದೊಡ್ಡ ವಿಷಯವೇನಲ್ಲ,” ಎಂದು ಶುರು ಮಾಡಿದ.

ಹಾಲು ಗಪ್‌ಚಿಪ್ಪಾಯಿತು. ಜನ ಇಷ್ಟು ಶ್ರದ್ಧೆಯಿಂದ ಕೇಳುತ್ತಾರೆಂದು ಅವನು ಎಣಿಸಿರಲಿಲ್ಲ, ಹುರುಪು ಬಂತು. “ಮನಸ್ಸು ಗಟ್ಟಿ ಇರಬೇಕು, ಅಷ್ಟೇ. ಬೆಳಗ್ಗೆ ಸಕ್ಕರೆ ಇಲ್ಲದ ಕಾಫಿ ಕುಡಿದೆ, ಮಾತಾಡಲಿಲ್ಲ. ಕತ್ತು ತಿರುಚಿದರು, ಮಾತಾಡಲಿಲ್ಲ. ನಮ್ಮ ತಾತನವರೂ ಹೀಗೇ, ಅವರ ಕಾಲದಲ್ಲಿ...” ತಾತನ ಕಾಲ ಮುಗಿಸಿ, ಅಪ್ಪನ ಕಾಲ ದಾಟಿ, ತನ್ನ ಕಾಲಕ್ಕೆ ಬಂದ. “ಬೇಕಾದ್ರೆ ಇನ್ನೊಂದು ವಾರ ಹೀಗೇ ಇರ್ತೀನಿ ಸಿಸ್ಟರ್, ಒಂದು ಮಾತಾಡಿದ್ರೆ ಕೇಳಿ,” ಎನ್ನುವಾಗ ಚಿನ್ಮಯಿಯ ಅಂಗೈಗಳು ಬಾಯಿಂದ ಹಣೆಗೆ ಹೋದದ್ದು ಕಾಣಿಸಿತು.

ಆಗಲೇ ಅವನು ಸಿಸ್ಟರ್ ಅವರ ಇನ್ನೊಂದು ಕೈ ನೋಡಿದ್ದು. ಅದರಲ್ಲಿ ಗಂಟೆ ಇತ್ತು. ಸದ್ದಾಗಬಾರದೆಂದು ಅವರು ಅದರ ನಾಲಿಗೆಯನ್ನು ಬೆರಳಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು.

“ಬೆಲ್ ಇನ್ನೂ ಹೊಡೆದಿಲ್ಲ ಸಾರ್,” ಎಂದರು ಸಿಸ್ಟರ್. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು. “ಮೈಕ್ ಕೊಟ್ಟೆ. ಮಾತಾಡಿ ಅಂತ ಹೇಳಲಿಲ್ಲ. ಎಂಟನೇ ಕ್ಲಾಸಿನ ಕೊನೇ ಪ್ರಶ್ನೆ ಇದು. ಪ್ರತೀ ವರ್ಷ ಇದೇ ಪ್ರಶ್ನೆ.”

ಶಾಲೆಯ ಮಕ್ಕಳಿಗೆಲ್ಲ ಗೊತ್ತಿದ್ದ ಪ್ರಶ್ನೆ ಅದು. ಮನೆಯಲ್ಲಿ ಹೇಳಬಾರದು ಎಂಬುದು ಮಕ್ಕಳ ನಡುವಿನ ಮಾತು. ಹೇಳೋಣವೆಂದು ಕೊನೆಯ ಗಳಿಗೆಯಲ್ಲಿ ಚಿನ್ಮಯಿಗೆ ಎಷ್ಟು ಅನ್ನಿಸಿದರೂ ಅವಳ ಬಾಯಿಗೂ ಅದೇ ಬೀಗವಿತ್ತು. ಸಿಸ್ಟರ್ ಮೈಕನ್ನು ರಘೋತ್ತಮನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಹೋಗಿ ಅಂಬರೀಶನ ತೊಡೆಯ ಮೇಲಿಟ್ಟರು. ಸ್ಪೀಕರುಗಳಲ್ಲಿ ಹಾಲಿನ ತುಂಬ ದೊಡ್ಡ ಗೊರಕೆ ಕೇಳಿಸಿತು. ಸಿಸ್ಟರ್ ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಕೇಳಿ, “ಇದರಲ್ಲಿ ಮಾತಿಲ್ಲ,” ಎಂದು ತೀರ್ಮಾನಿಸಿ, ಗಂಟೆ ಹೊಡೆದರು. ಅಂಬರೀಶ್ ಬೆಚ್ಚಿ ಎದ್ದು, “ಸೈರನ್ ಆಯ್ತಾ?” ಎಂದು ಕೇಳಿದ. ಚಪ್ಪಾಳೆಯ ನಡುವೆ ಶರ್ಮಿಳಾ ಕುಣಿಯುತ್ತಿದ್ದಳು. ಅಂದು ಮನೆಯ ಬೀರುವಿನ ಬಗ್ಗೆ ತಾನು ಆಡಿದ ಮಾತು ರಘೋತ್ತಮನಿಗೆ ನೆನಪಾಯಿತು.

ಮನೆಗೆ ನಡೆದು ಬರುವಾಗ ಅಪ್ಪ ಮಗಳು ಇಬ್ಬರಿಗೂ ಮಾತಾಡುವ ಹಕ್ಕಿತ್ತು. ಬೀದಿಯ ದೀಪದ ಕಂಬ ದಾಟಿದ ಮೇಲೆ ರಘೋತ್ತಮನೇ ಹೇಳಿದ. “ಅಂಚೆಟ್ಟಿಗೆ ಹಾಕಿಬಿಟ್ರು ಚಿನ್ನೂ. ಮ್ಯಾನೇಜರು ಬೇಡ ಅಂದ್ರೆ ಹೇಳಿ ಅಂದ್ರು. ನಾನು ಹೇಳಲಿಲ್ಲ.”

ಚಿನ್ಮಯಿ ನಿಂತಳು. “ಒಂದು ಸಲ ‘ಬೇಡ’ ಅಂದಿದ್ರೆ ಆಗ್ತಿತ್ತಲ್ಲಪ್ಪ.”

“ದೀಪ ಹೋಗ್ತಿತ್ತಲ್ಲ.”

ಚಿನ್ಮಯಿ ಅವನ ಕೈ ಹಿಡಿದುಕೊಂಡಳು, ಎಣ್ಣೆಯ ಜಿಡ್ಡಿದ್ದರೂ ಬಿಡಲಿಲ್ಲ. ಅಷ್ಟರಲ್ಲಿ ಫೋನ್ ಬಂತು. ಹರಿಕೃಷ್ಣ. ರಘೋತ್ತಮನಿಗೆ ಜೀವ ಬಂತು. ಈಗ ಬಾಯಿಯಿದೆ, ಹಿಂದಿನಂತೆ ಮಾತಾಡಿದರೆ ಈ ಮನುಷ್ಯ ಐದು ನಿಮಿಷದಲ್ಲಿ ಹಣೆ ಒತ್ತಿಕೊಳ್ಳುತ್ತಾನೆ. “ಸಾರ್, ಆ ಅಂಚೆಟ್ಟಿ ವಿಷಯ ಏನಂದ್ರೆ...” ಎಂದು ಉಸಿರೆಳೆದುಕೊಂಡ.

“ಓಹೋ, ಮಾತು ಬಂತಾ?” ಎಂದರು ಹರಿಕೃಷ್ಣ. “ನೋಡಿದ್ರಾ, ಅಂಚೆಟ್ಟಿ ಹೆಸರು ಹೇಳಿದ್ದಕ್ಕೇ ಗುಣ ಆಯ್ತು. ಹೋದ್ರೆ ಕತ್ತೂ ಸರಿಹೋಗುತ್ತೆ. ಕೃಷ್ಣಗಿರಿಯಿಂದ ಆರ್ಡರ್ ಬಂದಿದೆ, ಅದನ್ನ ಹೇಳೋಕೇ ಮಾಡಿದೆ,” ಎಂದು ಫೋನ್ ಇಟ್ಟರು.

ಗೇಟಿನ ಹತ್ತಿರ ಮುತ್ತರಾಯಪ್ಪ ಕಾಯುತ್ತಿದ್ದ. “ಈಗ್ಲಾದ್ರೂ ಮಾತು ಬಂತಾ ಸಾಮಿ?”

ಚಿನ್ಮಯಿ ಅಪ್ಪನ ಪರವಾಗಿ ಉತ್ತರಿಸಿದಳು. “ಬಂತು ತಾತ. ಒಂದು ಸ್ವಲ್ಪ ಬೇಗನೇ ಬಂತು.”

“ಬರ್ದೆ ಏನು, ನಾನ್ ಎಳ್ದಿದ್ದಲ್ವಾ,” ಎಂದು ಮುತ್ತರಾಯಪ್ಪ ತೋಳು ಮೇಲೆತ್ತಿಕೊಂಡ. “ಆ ಕಡೀಕೂ ಒಂದ್ ಕಿತ ಎಳ್ದುಬುಟ್ರೆ ಕತ್ತೂ ಸರಿಹೋಯ್ತದೆ. ಬನ್ನಿ ಸಾಮಿ.”

ರಘೋತ್ತಮ ಅವನಿಗೆ ಕೈ ಮುಗಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ರಮಾದೇವಿ ಇನ್ಸ್‌ಪೆಕ್ಷನ್ ಸುದ್ದಿ ಹೇಳಿದಳು, ಊಟ ಬಡಿಸಿದಳು, ಸಾರಿಗೆ ಉಪ್ಪು ಸಾಕೇ ಎಂದು ಕೇಳಿದಳು. ಮಲಗುವವರೆಗೂ ರಘೋತ್ತಮ ಒಂದೇ ಒಂದು ಮಾತಾಡಲಿಲ್ಲ. ಅದಕ್ಕೆ ಮಾರ್ಕ್ಸ್ ಹಾಕುವವರು ಯಾರೂ ಇರಲಿಲ್ಲ.